ಲಾಗರಿದಮ್‌ನ ಸನದು: ಇಮ್ಮಡಿಯ ಲೆಕ್ಕ ನಡೆದು ಬಂದ ದಾರಿ

ಹೇಳಿದವರು ಯಾರು, ಅವರು ಯಾರಿಂದ ಕೇಳಿದರು ಎಂದು ವಿಚಾರಿಸದೆ ಮಾತನ್ನು ಸ್ವೀಕರಿಸದಿರುವುದು ನಮ್ಮ ಹದೀಸ್ ವಿದ್ವಾಂಸರು ಜಗತ್ತಿಗೆ ಕಲಿಸಿದ ಶಿಸ್ತು. ಸನದು ದೀನಿನ ಭಾಗವೆಂದು ಅಬ್ದುಲ್ಲಾಹ್ ಬಿನ್ ಮುಬಾರಕ್(ರ) ಹೇಳಿದ್ದನ್ನು ಇಮಾಮ್ ಮುಸ್ಲಿಮ್(ರ) ತಮ್ಮ ಸಹೀಹ್‌ನ ಪೀಠಿಕೆಯಲ್ಲಿ ದಾಖಲಿಸಿದ್ದಾರೆ. ಸುದ್ದಿ ಬಂದಾಗ ಪರಿಶೀಲಿಸಬೇಕೆಂಬ ಆಜ್ಞೆ ಸೂರಃ ಅಲ್ ಹುಜುರಾತ್‌ನ 6ನೇ ವಚನದಲ್ಲಿದೆ. ಆದರೆ ಜ್ಞಾನದ ಚರಿತ್ರೆಯ ಮಾತು ಬಂದಾಗ ನಮ್ಮಲ್ಲಿ ಈ ಶಿಸ್ತು ಸಡಿಲಗೊಳ್ಳುವುದುಂಟು. ಅದಕ್ಕೆ ಒಂದು ಉದಾಹರಣೆ ಲಾಗರಿದಮ್.

ಲಾಗರಿದಮ್ಮನ್ನು ಕಂಡುಹಿಡಿದವರು ಬಗ್ದಾದಿನ ಅಲ್ ಖ್ವಾರಿಝ್ಮಿ ಎಂಬ ಮಾತು ಭಾಷಣಗಳಲ್ಲಿಯೂ ಮೊಬೈಲಿನ ಸಂದೇಶಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ಕೇಳಲು ಹಿತವಾದ ಈ ಮಾತಿಗೆ ಸನದು ಇಲ್ಲ. ಅಲ್ ಖ್ವಾರಿಝ್ಮಿಯವರ ಹೆಸರಿನಿಂದ ಹುಟ್ಟಿದ ಪದ ‘ಅಲ್ಗಾರಿದಮ್’. ಅವರ ಹೆಸರು ಲ್ಯಾಟಿನ್ ಭಾಷೆಯಲ್ಲಿ ‘ಅಲ್ಗೊರಿತ್ಮಿ’ ಎಂದಾಗಿ, ಲೆಕ್ಕ ಮಾಡುವ ಕ್ರಮಬದ್ಧ ವಿಧಾನಕ್ಕೇ ಹೆಸರಾಯಿತು. ‘ಲಾಗರಿದಮ್’ ಬೇರೆಯೇ ಪದ. ಅನುಪಾತ ಮತ್ತು ಸಂಖ್ಯೆ ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿ ಅದನ್ನು ರಚಿಸಿದವರು ಸ್ಕಾಟ್ಲೆಂಡಿನ ಜಾನ್ ನೇಪಿಯರ್. ಉಚ್ಚಾರ ಸಮೀಪವಾಗಿರುವುದರಿಂದ ಎರಡನ್ನೂ ಬೆರೆಸಲಾಗಿದೆ. ನಮಗೆ ವಿರುದ್ಧವಾದರೂ ನ್ಯಾಯದ ಸಾಕ್ಷ್ಯವನ್ನೇ ನುಡಿಯಬೇಕೆಂದು ಸೂರಃ ಅನ್ನಿಸಾಅ್‌ನ 135ನೇ ವಚನ ಬೋಧಿಸುತ್ತದೆ. ಅನ್ಯರ ಶ್ರಮವನ್ನು ನಮ್ಮ ಹೆಸರಿಗೆ ಬರೆದುಕೊಳ್ಳುವ ಅಗತ್ಯವೂ ನಮಗಿಲ್ಲ. ಈ ಜ್ಞಾನದ ನಿಜವಾದ ಸನದನ್ನು ಹುಡುಕಿದರೆ ಅದರಲ್ಲಿ ಬಗ್ದಾದಿನ ಕೊಂಡಿಯೂ ಇದೆ, ನಮ್ಮ ಕನ್ನಡ ನಾಡಿನ ಕೊಂಡಿಯೂ ಇದೆ.

ಲಾಗರಿದಮ್ ಎಂದರೇನು?

ಚರಿತ್ರೆಗೆ ಹೋಗುವ ಮುನ್ನ ವಿಷಯವನ್ನು ಸರಳವಾಗಿ ತಿಳಿದುಕೊಳ್ಳೋಣ. 2ನ್ನು ಇಮ್ಮಡಿಗೊಳಿಸುತ್ತ ಹೋದರೆ 2, 4, 8, 16, 32, 64 ಎಂಬ ಸಾಲು ದೊರೆಯುತ್ತದೆ. ಅವುಗಳ ತಲೆಯ ಮೇಲೆ ಕ್ರಮವಾಗಿ 1, 2, 3, 4, 5, 6 ಎಂದು ಬರೆಯೋಣ. 64ರ ತಲೆಯ ಮೇಲೆ 6 ಇದೆ. ಅಂದರೆ ಆರು ಎರಡುಗಳನ್ನು ಒಂದಕ್ಕೊಂದು ಗುಣಿಸಿದರೆ 64 ಬರುತ್ತದೆ. ಈ 6ನ್ನೇ, 2ನ್ನು ಆಧಾರವಾಗಿಟ್ಟುಕೊಂಡಾಗ, 64ರ ಲಾಗರಿದಮ್ ಎನ್ನುತ್ತಾರೆ. ಘಾತಾಂಕ ಗೊತ್ತಿದ್ದು ಸಂಖ್ಯೆಯನ್ನು ಹುಡುಕುವುದು ಗುಣಾಕಾರ. ಸಂಖ್ಯೆ ಗೊತ್ತಿದ್ದು ಘಾತಾಂಕವನ್ನು ಹುಡುಕುವುದು ಲಾಗರಿದಮ್.

ಇದರ ಪ್ರಯೋಜನ ಕೂಡಲೇ ಕಾಣುತ್ತದೆ. 16ನ್ನು 64ರಿಂದ ಗುಣಿಸಬೇಕಾಗಿದೆ ಎಂದುಕೊಳ್ಳೋಣ. 16ರ ಮೇಲೆ 4, 64ರ ಮೇಲೆ 6 ಇವೆ. ಎರಡನ್ನೂ ಕೂಡಿಸಿದರೆ 10. ಸಾಲನ್ನು ಮುಂದುವರಿಸಿ 10ನೆಯದನ್ನು ನೋಡಿದರೆ 1,024 ಇರುತ್ತದೆ, ಅದೇ ಉತ್ತರ. ಮೇಲಿನ ಸಾಲಿನ ಕೂಡಿಸುವಿಕೆ ಕೆಳಗಿನ ಸಾಲಿನ ಗುಣಾಕಾರವಾಗುತ್ತದೆ, ಕಳೆಯುವಿಕೆ ಭಾಗಾಕಾರವಾಗುತ್ತದೆ. ಲಾಗರಿದಮ್ಮಿನ ಸಮಸ್ತ ಶಕ್ತಿ ಈ ಒಂದು ಮಾತಿನಲ್ಲಿದೆ.

ಒಂದೇ ಕಾಲ, ಎರಡು ಆಸ್ಥಾನ

ಕ್ರಿ.ಶ. 9ನೇ ಶತಮಾನದ ಆರಂಭದಲ್ಲಿ ಬಗ್ದಾದಿನಲ್ಲಿ ಖಲೀಫಾ ಮಾಮೂನ್ (813–833) ಆಳುತ್ತಿದ್ದರು. ಬೈತುಲ್ ಹಿಕ್ಮಾದಲ್ಲಿ ಅಲ್ ಖ್ವಾರಿಝ್ಮಿ ಬೀಜಗಣಿತದ ತಮ್ಮ ಪ್ರಸಿದ್ಧ ಗ್ರಂಥವನ್ನು ಬರೆದರು. ‘ಅಲ್ ಜಬ್ರ್’ ಎಂಬ ಅದರ ಹೆಸರಿನ ಪದವೇ ಇಂದು ಜಗತ್ತಿನಾದ್ಯಂತ ಆಲ್ಜಿಬ್ರಾ ಎಂದು ಬಳಕೆಯಲ್ಲಿದೆ. ಅದರ ದೊಡ್ಡದೊಂದು ಭಾಗ ವಸಿಯ್ಯತ್ ಮತ್ತು ಮೀರಾಸ್‌ಗಳ ಲೆಕ್ಕಕ್ಕೆ ಮೀಸಲಾಗಿದೆ. ನಮ್ಮ ಮದ್ರಸಗಳಲ್ಲಿ ಫರಾಯಿಝ್ ಪಾಠ ಮಾಡುವಾಗ ಪಾಲುಗಳನ್ನು ಬಿಡಿಸುವ ಶ್ರಮಕ್ಕೂ ಶಾಲೆಯ ಬೀಜಗಣಿತಕ್ಕೂ ಇರುವ ನೆಂಟಸ್ತಿಕೆಯನ್ನು ನಾವು ಮಕ್ಕಳಿಗೆ ಹೇಳುವುದೇ ಅಪರೂಪ. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ವಿಧಾನದ ಕುರಿತೂ ಅವರು ಒಂದು ಗ್ರಂಥ ಬರೆದರು. ಅದರ ಲ್ಯಾಟಿನ್ ರೂಪಗಳ ಮೂಲಕ ಆ ಅಂಕಿಗಳು ಯುರೋಪಿಗೆ ಪರಿಚಿತವಾದವು.

ಅದೇ ಕಾಲದಲ್ಲಿ ನಮ್ಮ ವಿಜಯಪುರ ಸೀಮೆಯನ್ನೂ ಒಳಗೊಂಡ ನಾಡನ್ನು ರಾಷ್ಟ್ರಕೂಟರು ಆಳುತ್ತಿದ್ದರು. 814ರಲ್ಲಿ ಪಟ್ಟಕ್ಕೆ ಬಂದ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅರಬ್ ವರ್ತಕರು ಈ ರಾಜರನ್ನು ‘ಬಲ್ಹರಾ’ ಎಂದು ಕರೆದರು. ವರ್ತಕ ಸುಲೈಮಾನ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ 851ರ ಪ್ರವಾಸ ವೃತ್ತಾಂತವು ಬಲ್ಹರಾನನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸುತ್ತದೆ. ಅರಬರ ಮೇಲೆ ಆತನಿಗಿದ್ದ ವಿಶ್ವಾಸವನ್ನು ಮೆಚ್ಚಿ ಬರೆಯುತ್ತದೆ. ಎರಡು ನಾಡುಗಳ ನಡುವೆ ಹಡಗುಗಳು ಓಡಾಡುತ್ತಿದ್ದ ಕಾಲವದು.

ಆ ರಾಷ್ಟ್ರಕೂಟ ಕಾಲದ ಜೈನ ವಿದ್ವಾಂಸ ವೀರಸೇನಾಚಾರ್ಯರು 816ರಲ್ಲಿ ‘ಧವಲಾ’ ಎಂಬ ಬೃಹತ್ ವ್ಯಾಖ್ಯಾನವನ್ನು ಮುಗಿಸಿದರು. ಅದರಲ್ಲಿ ‘ಅರ್ಧಚ್ಛೇದ’ ಎಂಬ ಪದ ಬರುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧ ಮಾಡಬಹುದೋ ಅದು ಆ ಸಂಖ್ಯೆಯ ಅರ್ಧಚ್ಛೇದ. 64ನ್ನು 32, 16, 8, 4, 2, 1 ಎಂದು ಆರು ಬಾರಿ ಅರ್ಧ ಮಾಡಬಹುದು. ಆದ್ದರಿಂದ ಅದರ ಅರ್ಧಚ್ಛೇದ 6. ಮೇಲೆ ನಾವು ವಿವರಿಸಿದ ಲಾಗರಿದಮ್ಮೂ 6. ಮೂರು ಪಾಲು ಮಾಡುವ, ನಾಲ್ಕು ಪಾಲು ಮಾಡುವ ಛೇದಗಳನ್ನೂ ಅವರು ಹೆಸರಿಸಿದರು. ಎರಡು ಸಂಖ್ಯೆಗಳ ಗುಣಲಬ್ಧದ ಅರ್ಧಚ್ಛೇದವು ಅವುಗಳ ಅರ್ಧಚ್ಛೇದಗಳ ಮೊತ್ತವೆಂಬ ನಿಯಮವೂ ಅವರಿಗೆ ತಿಳಿದಿತ್ತು. ಈ ಗ್ರಂಥದ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಮೂಡಬಿದಿರೆಯ ಬಸದಿಯಲ್ಲಿ ಉಳಿದು ಬಂದುದರಿಂದಲೇ ಜಗತ್ತಿಗೆ ಈ ವಿಷಯ ತಿಳಿಯಿತು. ಜ್ಞಾನವನ್ನು ಜೋಪಾನ ಮಾಡಿದ ಆ ನೆರೆಯ ಸಮುದಾಯಕ್ಕೆ ಕೃತಜ್ಞತೆ ಸಲ್ಲಿಸುವುದು ನಮ್ಮ ಧರ್ಮವೂ ಹೌದು.

ಅಮೋಘವರ್ಷನ ಕಾಲದಲ್ಲೇ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಒಂದೇ ಗುಣಕದಿಂದ ಬೆಳೆಯುತ್ತ ಹೋಗುವ ಮೊತ್ತವು ಎಷ್ಟು ಹೆಜ್ಜೆಗಳಲ್ಲಿ ಅಲ್ಲಿಗೆ ತಲುಪಿತೆಂದು ತಿಳಿಯಲು, ಆ ಗುಣಕದಿಂದ ಮತ್ತೆ ಮತ್ತೆ ಭಾಗಿಸಿ, ಭಾಗಿಸಿದ ಸಲಗಳನ್ನು ಎಣಿಸಬೇಕೆಂದು ಅವರು ಸೂತ್ರ ಹೇಳಿದ್ದಾರೆ. ಇಂದು ಘಾತೀಯ ಸಮೀಕರಣವೆಂದು ಕಾಲೇಜಿನಲ್ಲಿ ಕಲಿಸುವ ಪ್ರಶ್ನೆ ಇದೇ.

ಚದುರಂಗದ ಮಣೆಯಲ್ಲಿ ಅಲ್ ಬಿರೂನಿ

ಚದುರಂಗವನ್ನು ರಚಿಸಿದವನು ರಾಜನಲ್ಲಿ ಬಹುಮಾನ ಕೇಳಿದ ಕಥೆ ಹಲವರಿಗೆ ಗೊತ್ತು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗಳಿಗೂ ಇಮ್ಮಡಿಯಾಗಿ ಕೊಡಬೇಕೆಂಬುದು ಆತನ ಬೇಡಿಕೆ. ಈ ಕಥೆಯನ್ನು ದಾಖಲಿಸಿದ ಇತಿಹಾಸಕಾರ ಇಬ್ನ್ ಖಲ್ಲಿಕಾನ್, ಅಲೆಕ್ಸಾಂಡ್ರಿಯಾದ ಒಬ್ಬ ಲೆಕ್ಕಿಗ ಲೆಕ್ಕ ಬರೆದು ತೋರಿಸಿದ ಮೇಲೆಯೇ ಮೊತ್ತವನ್ನು ನಂಬಿದ್ದಾಗಿ ಹೇಳುತ್ತಾರೆ.

ಅವರಿಗಿಂತ ಎರಡು ಶತಮಾನಗಳಿಗೂ ಮುಂಚೆ, ಸುಮಾರು ಕ್ರಿ.ಶ. 1000ದಲ್ಲಿ, ಅಲ್ ಬಿರೂನಿ ‘ಅಲ್ ಆಸಾರುಲ್ ಬಾಖಿಯಾ’ ಗ್ರಂಥದಲ್ಲಿ ಈ ಲೆಕ್ಕವನ್ನು ಬಿಡಿಸಿದ್ದರು. ಅವರು ಅರವತ್ತನಾಲ್ಕು ಬಾರಿ ಇಮ್ಮಡಿ ಮಾಡುತ್ತ ಕೂರಲಿಲ್ಲ. ಮೊದಲ ಮನೆಯಿಂದ ಒಂದು ಮನೆ ಎಷ್ಟು ದೂರವಿದೆಯೋ, ಅಷ್ಟೇ ದೂರ ಮುಂದೆ ಹೋದಾಗ ಸಿಗುವ ಮನೆಯ ಕಾಳು ಹಿಂದಿನ ಆ ಮನೆಯ ಕಾಳಿನ ವರ್ಗಕ್ಕೆ ಸಮ ಎಂಬ ನಿಯಮವನ್ನು ಅವರು ಹೇಳಿದರು. 5ನೇ ಮನೆಯಲ್ಲಿ 16 ಕಾಳುಗಳಿವೆ. ಅದು ಮೊದಲ ಮನೆಯಿಂದ ನಾಲ್ಕು ಹೆಜ್ಜೆ ದೂರ. ಇನ್ನೂ ನಾಲ್ಕು ಹೆಜ್ಜೆ ಹೋದರೆ 9ನೇ ಮನೆ; ಅಲ್ಲಿ 16ರ ವರ್ಗ, ಅಂದರೆ 256. 17ನೇ ಮನೆಯಲ್ಲಿ 256ರ ವರ್ಗ, 65,536. ಹೀಗೆ 33ನೇ ಮನೆಗೆ, ಅಲ್ಲಿಂದ ಮಣೆಯ ಹೊರಗೆ ಕಲ್ಪಿಸಿಕೊಂಡ 65ನೇ ಮನೆಗೆ ಹೋಗಿ, ಅದರಲ್ಲಿ ಒಂದನ್ನು ಕಳೆದರೆ 64 ಮನೆಗಳ ಒಟ್ಟು ಮೊತ್ತ ಸಿಗುತ್ತದೆ: 1,84,46,74,40,73,70,95,51,615. ನಮ್ಮ ಹೊರ್ತಿ, ಇಂಡಿ, ಸಿಂದಗಿ ಭಾಗದ ಜೋಳದ ಹಗೇವುಗಳಿರಲಿ, ಭೂಮಿಯ ಮೇಲಿನ ಸಮಸ್ತ ಕಣಜಗಳೂ ಇದಕ್ಕೆ ಸಾಲವು.

ದೂರವನ್ನು ಇಮ್ಮಡಿಸಿದರೆ ಸಂಖ್ಯೆಯ ವರ್ಗ ದೊರೆಯುತ್ತದೆ ಎಂಬುದು ಲಾಗರಿದಮ್ಮಿನ ನಿಯಮವೇ. ಪದವಿರಲಿಲ್ಲ, ಕೋಷ್ಟಕವಿರಲಿಲ್ಲ, ವಿಚಾರ ಮಾತ್ರ ಸ್ಪಷ್ಟವಾಗಿತ್ತು.

ಮುಂದಿನ ಕೊಂಡಿ ಅಸ್ಸಮವ್‌ಅಲ್. ಬಗ್ದಾದಿನ ಯಹೂದಿ ಮನೆತನದಲ್ಲಿ ಹುಟ್ಟಿ 1163ರಲ್ಲಿ ಇಸ್ಲಾಮ್ ಸ್ವೀಕರಿಸಿದ ಈ ಗಣಿತಜ್ಞರು ಹತ್ತೊಂಬತ್ತರ ಹರೆಯದಲ್ಲಿ ‘ಅಲ್ ಬಾಹಿರ್’ ಗ್ರಂಥ ಬರೆದರು. ಹಿರಿಯರಾದ ಅಲ್ ಕರಜಿಯವರ ಕೆಲಸವನ್ನು ಮುಂದುವರಿಸಿ ಅವರು ಘಾತಗಳನ್ನು ಒಂದು ಕೋಷ್ಟಕದಲ್ಲಿ ಸಾಲಾಗಿ ಬರೆದರು. ನಡುವೆ ಒಂದು, ಅದರ ಒಂದು ಪಕ್ಕದಲ್ಲಿ ಏರುವ ಘಾತಗಳು, ಇನ್ನೊಂದು ಪಕ್ಕದಲ್ಲಿ ಇಳಿಯುವ ಭಿನ್ನರಾಶಿಗಳು, ತಲೆಯ ಮೇಲೆ ಕ್ರಮಸಂಖ್ಯೆಗಳು. ಗುಣಿಸಬೇಕಾದಾಗ ಮನೆಗಳನ್ನು ಎಣಿಸಿ ಸರಿದರೆ ಸಾಕೆಂದು ಅವರು ವಿವರಿಸಿದರು. ನಮ್ಮ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಲೆಕ್ಕ ನೋಡಿಕೊಳ್ಳುತ್ತಿದ್ದ ಶತಮಾನವೂ ಅದೇ.

ನೇಪಿಯರ್ ಮತ್ತು ಇಬ್ರಾಹೀಮ್ ಆದಿಲ್ ಶಾಹನ ಕಾಲ

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. 2, 4, 8ರಂತಹ ಸಂಖ್ಯೆಗಳಿಗೆ ತಲೆಯ ಮೇಲೊಂದು ಪೂರ್ಣಾಂಕವಿದೆ. ನಡುವಿನ 3, 5, 7, 103 ಇವುಗಳಿಗೆ? ಎಲ್ಲ ಸಂಖ್ಯೆಗಳಿಗೂ ಅಂತಹ ಜೊತೆಸಂಖ್ಯೆಯನ್ನು ಲೆಕ್ಕ ಹಾಕಿ ಕೋಷ್ಟಕ ಮಾಡಿಕೊಟ್ಟರೆ ಮಾತ್ರ ಅದು ಸಾರ್ವತ್ರಿಕ ಸಾಧನವಾಗುತ್ತದೆ. ಆ ಕೆಲಸ ಮಾಡಿದವರು ಎಡಿನ್‌ಬರೋ ಸಮೀಪದ ಜಾನ್ ನೇಪಿಯರ್ (1550–1617). ಸುಮಾರು ಇಪ್ಪತ್ತು ವರ್ಷಗಳ ಪರಿಶ್ರಮದ ನಂತರ 1614ರಲ್ಲಿ ಅವರು ಕೋಷ್ಟಕಗಳನ್ನು ಪ್ರಕಟಿಸಿದರು. ಸ್ವಿಟ್ಜರ್ಲೆಂಡಿನ ಯೋಸ್ಟ್ ಬ್ಯೂರ್ಗಿ ಸ್ವತಂತ್ರವಾಗಿ ಸಿದ್ಧಪಡಿಸಿದ ಕೋಷ್ಟಕಗಳು 1620ರಲ್ಲಿ ಹೊರಬಂದವು. ಲಂಡನ್ನಿನ ಪ್ರಾಧ್ಯಾಪಕ ಹೆನ್ರಿ ಬ್ರಿಗ್ಸ್ 1615ರಲ್ಲಿ ನೇಪಿಯರರನ್ನು ಕಾಣಲು ಸ್ಕಾಟ್ಲೆಂಡಿಗೆ ಪ್ರಯಾಣ ಮಾಡಿದರು. 10ನ್ನು ಆಧಾರವಾಗಿಟ್ಟುಕೊಂಡರೆ ಬಳಕೆ ಸುಲಭವೆಂದು ಇಬ್ಬರೂ ಒಪ್ಪಿದರು. 1624ರಲ್ಲಿ ಬ್ರಿಗ್ಸ್ ದಶಮಾಂಶದ 14 ಸ್ಥಾನಗಳವರೆಗೆ ಕೋಷ್ಟಕ ಪ್ರಕಟಿಸಿದರು. ಇಲ್ಮ್‌ಗಾಗಿ ಪ್ರಯಾಣ ಮಾಡುವುದು ಹದೀಸ್ ಸಂಗ್ರಾಹಕರ ಸುನ್ನತ್ತಾಗಿತ್ತು. ಆ ಗುಣವಿದ್ದಲ್ಲಿ ಜ್ಞಾನ ಬೆಳೆಯುತ್ತದೆ.

ಅದೇ 1614ರಲ್ಲಿ ವಿಜಯಪುರದಲ್ಲಿ ಎರಡನೇ ಇಬ್ರಾಹೀಮ್ ಆದಿಲ್ ಶಾಹ ಆಳುತ್ತಿದ್ದನು. ಸಂಗೀತ, ಚಿತ್ರಕಲೆ, ವಾಸ್ತುಶಿಲ್ಪಗಳಲ್ಲಿ ನಮ್ಮ ಸೀಮೆ ಹೆಸರು ಗಳಿಸಿದ ಕಾಲ. ಆತನ ಮಗ ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟವನ್ನು ಕಟ್ಟಿದವರ ಕ್ಷೇತ್ರಗಣಿತ ಇಂದಿಗೂ ಕಣ್ಣೆದುರು ನಿಂತಿದೆ. ಆದರೆ ಲೆಕ್ಕದ ಹೊಸ ಪುಸ್ತಕಗಳು ಆ ಹೊತ್ತಿಗೆ ಬೇರೆ ಊರುಗಳಲ್ಲಿ ಮುದ್ರಣವಾಗುತ್ತಿದ್ದವು. ಸನದಿನ ಕೊಂಡಿ ನಮ್ಮ ಕೈಯಿಂದ ಇನ್ನೊಬ್ಬರ ಕೈಗೆ ದಾಟಿತ್ತು. ಇದನ್ನು ದುಃಖದಿಂದಲ್ಲ, ಎಚ್ಚರದಿಂದ ಓದಬೇಕು.

ಎಚ್ಚರಗೊಂಡವರೂ ಇದ್ದರು. 18ನೇ ಶತಮಾನದಲ್ಲಿ ಉಸ್ಮಾನಿಯಾ ರಾಜ್ಯದ ಗೆಲೆನ್‌ಬೆವಿ ಇಸ್ಮಾಯೀಲ್ ಎಫೆಂದಿ, ಮದ್ರಸದಲ್ಲಿ ಕಲಿತು ಅಲ್ಲೇ ಕಲಿಸಿದ ವಿದ್ವಾಂಸ, ಲಾಗರಿದಮ್ ಕೋಷ್ಟಕಗಳ ಬಳಕೆಯನ್ನು ತಮ್ಮ ಜನರಿಗೆ ತುರ್ಕಿ ಭಾಷೆಯಲ್ಲಿ ಬರೆದು ವಿವರಿಸಿದರು. ಮಂತಿಕ್, ಕಲಾಮ್ ಬೋಧಿಸಿ ಕಾಝಿಯೂ ಆಗಿದ್ದ ಅವರು ಅನ್ಯರಿಂದ ಬಂದ ವಿದ್ಯೆಯೆಂದು ಹಿಂಜರಿಯಲಿಲ್ಲ. ನಮ್ಮದೇ ವಿದ್ಯೆಯೆಂದು ಸುಳ್ಳು ಹಕ್ಕು ಸಾಧಿಸಲೂ ಇಲ್ಲ. ಕಲಿತರು, ಕಲಿಸಿದರು.

ಬಡ್ಡಿಯ ಲೆಕ್ಕ

ಇನ್ನು ಈ ವಿದ್ಯೆಯಿಂದ ನಮ್ಮ ಮನೆಗಳಿಗೇನು ಪ್ರಯೋಜನವೆಂದು ಕೇಳಬಹುದು. ಬೀಜ, ಗೊಬ್ಬರ, ಬೋರ್‌ವೆಲ್, ಮಗಳ ಮದುವೆ, ಆಸ್ಪತ್ರೆ — ಇವುಗಳಿಗಾಗಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಕೈಸಾಲ ಮಾಡುವುದು ನಮ್ಮ ಭಾಗದಲ್ಲಿ ಅಪರೂಪವಲ್ಲ. “ಮೂರೇ ರೂಪಾಯಿ” ಎಂಬ ಮಾತು ಹಗುರವಾಗಿ ಕೇಳುತ್ತದೆ. ಬಡ್ಡಿ ಕಟ್ಟಲಾಗದೆ ಅದು ಅಸಲಿಗೆ ಸೇರುತ್ತ ಹೋದರೆ, ಸಾಲ ಇಮ್ಮಡಿಯಾಗಲು ಎಷ್ಟು ತಿಂಗಳು ಬೇಕು?

ಪ್ರತಿ ತಿಂಗಳೂ ಸಾಲ 1.03 ಪಟ್ಟಾಗುತ್ತದೆ. 1.03ನ್ನು ಅದರಿಂದಲೇ ಎಷ್ಟು ಸಲ ಗುಣಿಸಿದರೆ 2 ಆಗುತ್ತದೆ ಎಂಬುದು ಪ್ರಶ್ನೆ. ಇಲ್ಲಿ ಹುಡುಕಬೇಕಾದುದು ಘಾತಾಂಕದ ಸ್ಥಾನದಲ್ಲಿದೆ. ಕೂಡಿ ಕಳೆದು ಅದನ್ನು ಕೆಳಗಿಳಿಸಲಾಗದು. ಲಾಗರಿದಮ್ ತೆಗೆದುಕೊಂಡರೆ ಅದು ಕೆಳಗಿಳಿದು ಸಾದಾ ಗುಣಕವಾಗುತ್ತದೆ. ಅಂದರೆ, ತಿಂಗಳ ಸಂಖ್ಯೆ × ಲಾಗ್ 1.03 = ಲಾಗ್ 2. ಕೋಷ್ಟಕದಲ್ಲಿ ಲಾಗ್ 2 ಎಂದರೆ 0.3010, ಲಾಗ್ 1.03 ಎಂದರೆ 0.0128. ಭಾಗಿಸಿದರೆ ಸುಮಾರು 23.5. ಎರಡು ವರ್ಷ ತುಂಬುವ ಮೊದಲೇ ಹತ್ತು ಸಾವಿರ ಇಪ್ಪತ್ತು ಸಾವಿರವಾಗುತ್ತದೆ. ನೂರಕ್ಕೆ ಐದಾದರೆ ಲಾಗ್ 1.05 ಎಂದರೆ 0.0212, ಹದಿನಾಲ್ಕು ತಿಂಗಳು ದಾಟುತ್ತಲೇ ಇಮ್ಮಡಿ. ನೂರಕ್ಕೆ ಒಂದೇ ರೂಪಾಯಿ ಆದರೂ ಆರು ವರ್ಷದೊಳಗೆ ಇಮ್ಮಡಿಯೇ. ಮೂರು ರೂಪಾಯಿಯ ಸಾಲವನ್ನು ಹತ್ತು ವರ್ಷ, ಅಂದರೆ 120 ತಿಂಗಳು ಬಿಟ್ಟರೆ, 120ನ್ನು 0.0128ರಿಂದ ಗುಣಿಸಿ ಕೋಷ್ಟಕದಲ್ಲಿ ಹಿಂದಕ್ಕೆ ನೋಡಬೇಕು. ಸಾಲ 34 ಪಟ್ಟಾಗಿರುತ್ತದೆ. ಹತ್ತು ಸಾವಿರದ ಸಾಲಕ್ಕೆ ಮೂರು ಲಕ್ಷ ನಲವತ್ತು ಸಾವಿರಕ್ಕೂ ಮಿಕ್ಕಿ ಕೊಡಬೇಕಾಗುತ್ತದೆ. ದರ ಚಿಕ್ಕದಾದಷ್ಟೂ ಕಾಲ ಹೆಚ್ಚು ಹಿಡಿಯುತ್ತದೆ, ಅಷ್ಟೇ; ಇಮ್ಮಡಿಯಾಗುವುದು ತಪ್ಪುವುದಿಲ್ಲ.

ಸೂರಃ ಆಲಿ ಇಮ್ರಾನ್‌ನ 130ನೇ ವಚನವು ಇಮ್ಮಡಿ ಮುಮ್ಮಡಿಯಾಗಿ ಬೆಳೆಯುವ ಬಡ್ಡಿಯನ್ನು ಹೆಸರಿಸಿ ನಿಷೇಧಿಸುತ್ತದೆ. ಜಾಹಿಲಿಯ್ಯಾ ಕಾಲದಲ್ಲಿ ಗಡುವು ಬಂದಾಗ ಸಾಲಿಗನ ಮುಂದೆ ಎರಡೇ ದಾರಿಗಳನ್ನು ಇಡುತ್ತಿದ್ದರೆಂದು ಮುಫಸ್ಸಿರರು ವಿವರಿಸಿದ್ದಾರೆ: ತೀರಿಸು, ಇಲ್ಲವೇ ಮೊತ್ತ ಹೆಚ್ಚಿಸಿಕೊಂಡು ಗಡುವು ಪಡೆ. ಘಾತಾಂಕ ಒಂದೊಂದಾಗಿ ಏರುವ ಕ್ರಮ ಇದೇ. ಇದರಿಂದ ಅಲ್ಪ ಬಡ್ಡಿ ಸಮ್ಮತವೆಂದು ಯಾರೂ ಭಾವಿಸಬಾರದು. ಸೂರಃ ಅಲ್ ಬಖರಃದ 278 ಮತ್ತು 279ನೇ ವಚನಗಳು ಉಳಿದ ಬಡ್ಡಿಯನ್ನೆಲ್ಲ ಬಿಡಬೇಕೆಂದೂ ಅಸಲು ಮಾತ್ರ ಹಕ್ಕೆಂದೂ ಸ್ಪಷ್ಟಪಡಿಸಿವೆ. 280ನೇ ವಚನ ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಲು ಹೇಳುತ್ತದೆ, ಬಿಟ್ಟುಬಿಡುವುದು ಇನ್ನೂ ಉತ್ತಮವೆನ್ನುತ್ತದೆ. ವಿದಾಯದ ಭಾಷಣದಲ್ಲಿ ಪ್ರವಾದಿ(ಸ)ಯವರು ಬಡ್ಡಿಯನ್ನು ರದ್ದುಗೊಳಿಸಿದಾಗ ಮೊದಲು ರದ್ದಾದದ್ದು ಅವರ ಸ್ವಂತ ಚಿಕ್ಕಪ್ಪ ಅಬ್ಬಾಸ್(ರ) ಅವರಿಗೆ ಬರಬೇಕಾಗಿದ್ದ ಬಡ್ಡಿ. ಕಾಲಾವಕಾಶವೆಂದರೆ ಲೆಕ್ಕದ ಭಾಷೆಯಲ್ಲಿ ಗುಣಕವನ್ನು ಒಂದಕ್ಕೆ ನಿಲ್ಲಿಸುವುದು. ಒಂದನ್ನು ಎಷ್ಟು ಸಲ ಗುಣಿಸಿದರೂ ಒಂದೇ. ಸಾಲ ಇದ್ದಷ್ಟೇ ಇರುತ್ತದೆ, ಬಡವ ಉಸಿರಾಡುತ್ತಾನೆ.

ಝಕಾತ್‌ನ ಲೆಕ್ಕ

ಇದೇ ಲೆಕ್ಕ ತಿರುವುಮುರುವಾಗಿ ಝಕಾತ್‌ನಲ್ಲಿದೆ. ನಲವತ್ತರಲ್ಲಿ ಒಂದು ಪಾಲು ಕೊಟ್ಟರೆ 39 ಪಾಲು ಉಳಿಯುತ್ತದೆ. ಬೆಳೆಸದೆ ಇಟ್ಟ ಸಂಪತ್ತು ಎಷ್ಟು ವರ್ಷಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ? ಲಾಗ್ 40 ಎಂದರೆ 1.6021, ಲಾಗ್ 39 ಎಂದರೆ 1.5911, ವ್ಯತ್ಯಾಸ 0.0110. ಲಾಗ್ 2ನ್ನು ಅದರಿಂದ ಭಾಗಿಸಿದರೆ ಸುಮಾರು 27 ಹಿಜರಿ ವರ್ಷಗಳು. ಅನಾಥರ ಸೊತ್ತನ್ನು ಝಕಾತ್ ಸವೆಸಿಬಿಡದಂತೆ ವ್ಯಾಪಾರದಲ್ಲಿ ತೊಡಗಿಸಬೇಕೆಂದು ಖಲೀಫಾ ಉಮರ್(ರ) ಸಲಹೆ ನೀಡಿದ ವರದಿ ಇಮಾಮ್ ಮಾಲಿಕ್(ರ)ರ ‘ಮುವತ್ತಾ’ದಲ್ಲಿದೆ. ಅಪ್ರಾಪ್ತ ವಯಸ್ಕರ ಸೊತ್ತಿನ ಝಕಾತ್ ಕುರಿತು ಹನಫೀ ಮದ್‌ಹಬ್‌ನ ನಿಲುವು ಬೇರೆ. ಆದರೆ ಸಲಹೆಯ ಹಿಂದಿನ ದೂರದೃಷ್ಟಿ ಎಲ್ಲರಿಗೂ ಪಾಠ. ಬಡ್ಡಿಯು ಇಲ್ಲದವನ ಹೊರೆಯನ್ನು ಎರಡು ವರ್ಷದಲ್ಲಿ ಇಮ್ಮಡಿಸುತ್ತದೆ. ಝಕಾತ್ ಇದ್ದವನ ನಿಷ್ಕ್ರಿಯ ಸಂಪತ್ತನ್ನು ಒಂದು ತಲೆಮಾರಿನಲ್ಲಿ ಅರ್ಧಕ್ಕೆ ಇಳಿಸಿ ಸಮಾಜಕ್ಕೆ ಹಂಚುತ್ತದೆ, ಉಳಿದುದನ್ನು ದುಡಿಮೆಗೆ ಹಚ್ಚಲು ಪ್ರೇರೇಪಿಸುತ್ತದೆ. ಒಂದೇ ಗಣಿತ, ಎರಡು ದಿಕ್ಕು.

ಆದ್ದರಿಂದ ಹೊರ್ತಿಯಿಂದ ಮುದ್ದೇಬಿಹಾಳದವರೆಗಿನ ನಮ್ಮ ಮನೆಗಳ ತಂದೆತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ. ಹತ್ತನೆಯ ತರಗತಿ ಮುಗಿಸಿದ ಮಗನೋ ಮಗಳೋ ಲೆಕ್ಕ ಕಷ್ಟವೆಂದು ಬಿಡುವುದಾಗಿ ಹೇಳಿದರೆ, ಅದು ಅನ್ಯರ ವಿದ್ಯೆಯಲ್ಲವೆಂದು ತಿಳಿಸಿರಿ. ನಮ್ಮೊಬ್ಬರದೇ ವಿದ್ಯೆಯೆಂದೂ ಹೇಳಬೇಡಿರಿ. ಮಾನ್ಯಖೇಟದ ಕಾಲದ ಜೈನ ಮುನಿ, ಬಗ್ದಾದಿನ ಆಲಿಮ್, ಸ್ಕಾಟ್ಲೆಂಡಿನ ಕ್ರೈಸ್ತ ಜಮೀನ್ದಾರ, ಇಸ್ತಾಂಬುಲಿನ ಮದ್ರಸದ ಶಿಕ್ಷಕ — ಇವರೆಲ್ಲರೂ ಕೈಯಿಂದ ಕೈಗೆ ದಾಟಿಸಿದ ಅಮಾನತ್ತು ಅದು. ಮನೆಗೆ ಸಾಲದ ಕಾಗದ ಬಂದ ದಿನ ಅದನ್ನು ಓದಿ, ಲೆಕ್ಕ ಹಾಕಿ, “ಅಬ್ಬಾ, ಇದಕ್ಕೆ ರುಜು ಹಾಕಬೇಡಿ” ಎಂದು ಹೇಳಬಲ್ಲ ಒಂದು ಮಗು ಪ್ರತಿ ಮನೆಯಲ್ಲೂ ಇದ್ದರೆ, ಆ ಅಮಾನತ್ತು ಸರಿಯಾದ ಕೈಗೆ ತಲುಪಿದಂತೆ.

ಅಲ್ಲಾಹನು ನಮಗೆ ಪ್ರಯೋಜನಕರವಾದ ಜ್ಞಾನವನ್ನು ದಯಪಾಲಿಸಲಿ, ನಮ್ಮ ಮನೆಗಳನ್ನು ಸಾಲದ ಹೊರೆಯಿಂದಲೂ ಬಡ್ಡಿಯ ಪಾಪದಿಂದಲೂ ಕಾಪಾಡಲಿ, ಸತ್ಯವನ್ನೇ ನುಡಿಯುವ ನಾಲಿಗೆಯನ್ನು ನೀಡಲಿ. ಆಮೀನ್.